ಅತ್ತೆಯವರೇ ಹೇಳಲಿ

ರಾಯಚೂರು, ಮಂಗಳವಾರ

ಪೂಜ್ಯ ಮಾವನವರಿಗೆ ವೃಂದಾಳ ನಮಸ್ಕಾರ.

ನನ್ನ ಫೋನನ್ನು ನೀವು ಎತ್ತುತ್ತಿಲ್ಲ. ಅದಕ್ಕೇ ನಿಮ್ಮ ಮಗನ ಕೈಯಲ್ಲಿ ಈ ಪತ್ರ ಕಳಿಸುತ್ತಿದ್ದೇನೆ. ಅತ್ತೆ ಬದುಕಿದ್ದಾರೆ.

ನಿಮ್ಮ ಮಾತು ಮೀರಿ ಅವರನ್ನು ಇಲ್ಲಿಯ ಆಸ್ಪತ್ರೆಗೆ ಕರೆತಂದೆನೆಂದು ನಿಮಗೆ ಸಿಟ್ಟು. ನನಗೂ ಸಿಟ್ಟಿದೆ. ದೇವದುರ್ಗದ ಡಾಕ್ಟರು "ಎಲ್ಲಿ ನೋವದ ಅಮ್ಮಾ?" ಎಂದು ಕೇಳಿದ್ದು ಅತ್ತೆಯನ್ನು. ಅವರು ಬಾಯಿ ತೆರೆಯುವ ಮೊದಲೇ "ಗ್ಯಾಸ್ ಆಗ್ಯದ್ರೀ, ಒಂದು ಗುಳಿಗಿ ಕೊಟ್ಟು ಕಳಸ್ರಿ" ಎಂದವರು ನೀವು. ಎದೆಯ ನೋವು ದವಡೆಯವರೆಗೂ ಏರುತ್ತಿದೆ, ಮೈಯೆಲ್ಲ ಬೆವರುತ್ತಿದೆ, ಉಸಿರು ಸಾಲುತ್ತಿಲ್ಲ ಎಂಬುದನ್ನು ಅವರು ಮನೆಗೆ ಬಂದು, ಅಡುಗೆಮನೆಯಲ್ಲಿ ಕುಸಿದು ಕೂತು ನನಗೆ ಹೇಳಿದರು.

ಆಗಿದ್ದು ಹೃದಯಾಘಾತ. ವಯಸ್ಸಾದವರ ಎದೆನೋವಿಗೆ ಗ್ಯಾಸೂ ಕಾರಣವಿರಬಹುದು, ಶ್ವಾಸಕೋಶವೋ ಸ್ನಾಯುವೋ ಇರಬಹುದಂತೆ. ಆದರೆ ಪರೀಕ್ಷೆ ಮಾಡದೆ ಹೃದಯದ್ದಲ್ಲ ಎಂದು ಯಾರೂ ಹೇಳಬಾರದು ಎಂದು ಇಲ್ಲಿಯ ಡಾಕ್ಟರು ನನ್ನನ್ನೇ ಗದರಿದರು. ನಿಮ್ಮ ಪಾಲಿನ ಬೈಗುಳ ನಾನು ತಿಂದೆ.

ನಾಳೆ ಬನ್ನಿ. ಅತ್ತೆಯ ಕನ್ನಡಕ, ಎರಡು ನೂಲಿನ ಸೀರೆ, ಅವರು ತೆಗೆದುಕೊಳ್ಳುತ್ತಿದ್ದ ಗುಳಿಗೆಗಳನ್ನೆಲ್ಲ ತನ್ನಿ. ಗ್ಯಾಸಿಗೆಂದು ಕೊಡುವ ಸೋಡಾ ಪುಡಿ ಬೇಡ. ಡಾಕ್ಟರು ವಾರ್ಡಿಗೆ ಬಂದಾಗ ದಯವಿಟ್ಟು ಹೊರಗಿನ ಬೆಂಚಿನ ಮೇಲೆ ಕೂತಿರಿ. ಇದು ನನ್ನ ಮಾತಲ್ಲ. ನಿಮ್ಮನ್ನು ಕರೆಸಲೇ ಎಂದು ಕೇಳಿದಾಗ ಅತ್ತೆ ಅಂದರು: "ಬರ್ಲಿ. ಆದ್ರ ನನ್ನ ನೋವು ನಾನೇ ಹೇಳ್ತೀನಿ."

ನಿಮ್ಮ ಸೊಸೆ,
ವೃಂದಾ