ಅಂಚಿನ ಕಪ್ಪು ಟೇಪು

ಮಾರ್ಚ್ 3, ಸೋಮವಾರ

ಲ್ಯಾಬಿನ ಚಪ್ಪಲಿ ಇವತ್ತೂ ಒದ್ದೆ. ಯಾರದೋ ಬೆವರು. ಹೊರಗಿನ ಧೂಳು ಒಳಗೆ ಬರಬಾರದೆಂದು ಎಲ್ಲರೂ ಅದೇ ನಾಲ್ಕು ಜೊತೆ ರಬ್ಬರ್ ಚಪ್ಪಲಿಗಳಲ್ಲಿ ಕಾಲು ತೂರಿಸಬೇಕು. ಧೂಳೇನೋ ಬರುವುದಿಲ್ಲ. ವಾಸನೆಯೂ ಹೊರಗೆ ಹೋಗುವುದಿಲ್ಲ. ಥೂ.

ಹೊಸ ಬಿಲ್ಲೆ ಮತ್ತೆ ಕೈಕೊಟ್ಟಿತು. ಬಿಟ್ಟ ಬೆಳಕಿನಲ್ಲಿ ನುಂಗಿದ್ದು ನೂರಕ್ಕೆ 71. ಹಳೆಯದು 99.2. ಎರಡನ್ನೂ ಮಾಡಿದ್ದು ಒಂದೇ ಕೈ — ಕೋಟಿಂಗ್ ಅಂಕಲ್. ಗಾಜಿನ ಬಿಲ್ಲೆಯ ಮೇಲೆ ಕೂದಲಿನ ಸಾವಿರದಲ್ಲೊಂದು ಪಾಲಿನಷ್ಟು ತೆಳುವಾದ ಪದರಗಳನ್ನು ಕೂರಿಸುವುದೇ ಅವರ ಕೆಲಸ. ಇಪ್ಪತ್ತೆರಡು ವರ್ಷದಿಂದ, ಇನ್ನೂ ಕಾಂಟ್ರ್ಯಾಕ್ಟ್ ಮೇಲೆ.

ನನ್ನ ಪಿಎಚ್‌ಡಿ ಗೈಡ್ ಬಂದರು. ಏನು ತೋರಿಸಿದರೂ "ಬ್ಯೂಟಿಫುಲ್" ಅನ್ನುವ ಮನುಷ್ಯ, ಇವತ್ತು ಅನ್ನಲಿಲ್ಲ. 71 ನೋಡಿ ಪೆನ್ನಿನ ಮುಚ್ಚಳ ಕಚ್ಚಿದರು. ಆಮೇಲೆ ಅದನ್ನು ಎಂಜಲು ಸಮೇತ ನನ್ನ ಲ್ಯಾಬ್ ಪುಸ್ತಕದ ಮೇಲಿಟ್ಟರು.

"ಅವರ ಕೈ ಹೋಯ್ತು ಕಣಮ್ಮ. ಇಪ್ಪತ್ತೊಂದಕ್ಕೆ ಕಮಿಟಿ ಕೂರುತ್ತಲ್ಲ, ಅವರ ಕಾಂಟ್ರ್ಯಾಕ್ಟ್ ಮುಂದುವರಿಸೋದು ಬೇಡ ಅಂತ ಹೇಳ್ಬಿಡ್ತೀನಿ."

ಜರ್ನಲ್‌ನವರು ಆ 99ನ್ನು ಎರಡನೇ ಬಿಲ್ಲೆಯಲ್ಲೂ ಮಾಡಿ ತೋರಿಸಿ ಅಂದಿದ್ದಾರೆ. ತೋರಿಸದಿದ್ದರೆ ಪೇಪರ್ ಇಲ್ಲ. ಪೇಪರ್ ಇಲ್ಲದಿದ್ದರೆ ನನ್ನ ಥೀಸಿಸ್ ಇಲ್ಲ. ನಾಲ್ಕು ವರ್ಷ ಗಂಗಾಪಾಲು. ಅಂಕಲ್ ಮೇಲೆ ನನಗೂ ಸಿಟ್ಟು ಬಂತು, ನಿಜ ಹೇಳಬೇಕೆಂದರೆ.

ಮಾರ್ಚ್ 4, ಬೆಳಿಗ್ಗೆ 7

ಸಿಂಕಿನ ಜಾಲರಿಯಲ್ಲಿ ನಿನ್ನೆಯ ಅನ್ನ. ಅಕ್ಕ ಬರಿಗೈಯಲ್ಲಿ ತೆಗೆಯುತ್ತಾಳೆ. ನಾನು ಮುಖ ಆಚೆ ತಿರುಗಿಸುತ್ತೇನೆ. ಅವಳ ಮನೆಯಲ್ಲಿದ್ದುಕೊಂಡು ಮೂಗು ಮುಚ್ಚಿಕೊಳ್ಳುವುದು ಬೇರೆ.

"ಅದೇನೇ ನಿನ್ನ ಬಿಲ್ಲೆ? ನಾಲ್ಕು ವರ್ಷದಿಂದ ಏನ್ ಮಾಡ್ತಿದೀಯ ಅಂತ ಅತ್ತೆ ಕೇಳ್ತಾರೆ. ನಂಗೆ ಹೇಳಕ್ಕೆ ಬರಲ್ಲ."

ಹೇಳಿದೆ. ಒಂದು ಕಡೆಯಿಂದ ಬೆಳಕು ಬಿಟ್ಟರೆ ತೆಳು ಪದರ ಅರ್ಧಂಬರ್ಧ ನುಂಗುತ್ತದೆ. ಉಳಿದದ್ದು ಮುಂದೆ ದಾಟುತ್ತದೆ, ಇಲ್ಲವೇ ವಾಪಸ್ ಬರುತ್ತದೆ. ಎರಡೂ ಕಡೆಯಿಂದ ಸರಿಸಮ ಬೆಳಕನ್ನು ಅಲೆಗೆ ಅಲೆ ಹೊಂದಿಸಿ ಬಿಟ್ಟರೆ, ಆಚೆ ದಾಟಬೇಕಾದದ್ದೂ ವಾಪಸ್ ಬರಬೇಕಾದದ್ದೂ ಒಂದನ್ನೊಂದು ಅಳಿಸಿಹಾಕುತ್ತವೆ. ಹೊರಗೆ ದಾರಿಯೇ ಇಲ್ಲ. ಪದರ ಪೂರ್ತಿ ನುಂಗಬೇಕು. ಬೆಳಕನ್ನು ತಿರುಗಿಸಿ ತರುವ ಕನ್ನಡಿಯನ್ನು ಒಂದಿಷ್ಟೇ ಸರಿಸಿದರೂ ಹೊಂದಿಕೆ ತಪ್ಪಿ ಎಲ್ಲವೂ ವಾಪಸ್.

"ಅಷ್ಟೇನಾ? ಈ ಕಡೆಯಿಂದ ಅತ್ತೆ, ಆ ಕಡೆಯಿಂದ ನಿಮ್ಮ ಭಾವ, ಇಬ್ರೂ ಒಟ್ಟಿಗೆ ಬೈದ್ರೆ ನಾನೂ ಪೂರ್ತಿ ನುಂಗ್ಕೋತೀನಿ. ನಂಗ್ಯಾರೂ ಡಾಕ್ಟರೇಟ್ ಕೊಡ್ಲಿಲ್ಲ."

ನಗು ತಡೆಯಲಾಗಲಿಲ್ಲ. ಅವಳು ಬಾಣಲೆಯನ್ನು ಕಟ್ಟೆಗೆ ಕುಕ್ಕಿದ ಸದ್ದಿಗೆ ಒಳಗೆ ಅತ್ತೆ ಕೆಮ್ಮಿದರು.

ಮಾರ್ಚ್ 6

ಕೋಟಿಂಗ್ ಕೋಣೆ. ಗಾಳಿ ಹೀರುವ ಪಂಪಿನ ಎಣ್ಣೆಯ ಕಮಟು, ಬಟ್ಟೆಗೂ ಹತ್ತಿತು. ಅಂಕಲ್ ಎರಡೂ ಬಿಲ್ಲೆಗಳನ್ನು ಕಿಟಕಿಗೆ ಓರೆಯಾಗಿ ಹಿಡಿದು ನೋಡಿದರು.

"ತಪ್ಪು ತಿಳ್ಕೋಬೇಡಿ ಕಣಮ್ಮ. ಕೆಟ್ಟದ್ದು ಹಳೇದು. ಆಗ ಪಂಪ್ ಲೀಕ್ ಇತ್ತು, ಪದರ ಮರಳು ಮರಳಾಗಿ ಕೂತಿದೆ. ಹೊಸ್ದು ನೋಡಿ, ಎಷ್ಟು ನುಣುಪು. ಇಂಥಾದ್ದು ನಾನೇ ಜನ್ಮದಲ್ಲಿ ಮಾಡಿರ್ಲಿಲ್ಲ."

"ಆದ್ರೆ ಅಂಕಲ್, ನುಂಗೋದು ಹಳೇದೇ."

"ನುಂಗಿದ್ರೆ ಬಿಸಿ ಆಗ್ಬೇಕಲ್ವಾ? ಕರಿ ಬಟ್ಟೆ ಬಿಸಿಲಲ್ಲಿ ಆಗಲ್ವಾ, ಹಾಗೆ. ಯಾವತ್ತಾದ್ರೂ ಮುಟ್ಟಿ ನೋಡಿದೀರಾ?"

ಹಲ್ಲು ಕಿರಿದೆ. ದೊಡ್ಡ ಪಂಡಿತಳ ಹಾಗೆ. ಅಂಕಲ್, ಅದನ್ನೆಲ್ಲ ಮುಟ್ಟಿ ನೋಡಲ್ಲ, ಲೆಕ್ಕ ಹಾಕ್ತೀವಿ ಅಂದೆ.

ಲೆಕ್ಕ ಏನು? ಒಳಗೆ ಬಿಟ್ಟದ್ದು ನೂರು. ಎರಡು ಕಡೆಯಲ್ಲಿ ಬೆಳಕು ಅಳೆಯುವ ಡಿಟೆಕ್ಟರಿಗೆ ಬಂದದ್ದನ್ನು ಕಳೆ. ಉಳಿದದ್ದು ನುಂಗಿದ್ದು. ಈ ಲ್ಯಾಬಿನಲ್ಲಿ ಎಲ್ಲರೂ ಹಾಗೇ ಮಾಡುವುದು.

ಸಂಜೆ 5 — ನನ್ನದೇ ಆ ನಗು ನೆನಪಾಗಿ ಮೈ ಉರಿಯುತ್ತಿದೆ.

ಮಾರ್ಚ್ 11

ಮುಟ್ಟಿ ನೋಡಿದೆ. ಕೈಯಲ್ಲಲ್ಲ, ಸಾಸಿವೆ ಕಾಳಿನಷ್ಟು ಚಿಕ್ಕ ತಾಪಮಾಪಕ ಅಂಟಿಸಿ. ಹೊಸದು — ಎರಡು ಡಿಗ್ರಿ ಏರಿತು. 71ಕ್ಕೆ ತಕ್ಕಷ್ಟು. ಹಳೆಯದು ಮೂರರ ಹತ್ತಿರ ಹೋಗಬೇಕು. ಒಂದೂ ಏರಲಿಲ್ಲ.

ನಾಲ್ಕು ಸಲ ಮಾಡಿದೆ. ಊಟಕ್ಕೆ ಹೋಗಲಿಲ್ಲ. ಮೇಜಿನ ಮೇಲೆ ಯಾರೋ ಬಿಟ್ಟ ಕಾಫಿ ಲೋಟ, ಮೇಲೆ ಕೆನೆಗಟ್ಟಿ ಒಂದು ನೊಣ. ಅದನ್ನೇ ನೋಡುತ್ತ ಕೂತೆ.

ಡಿಟೆಕ್ಟರಿಗೆ ಬಂದಿಲ್ಲ. ಬಿಸಿಯಾಗಿಲ್ಲ. ಹಾಗಾದರೆ ಬೆಳಕು ಎಲ್ಲಿಗೆ ಹೋಗುತ್ತಿದೆ?

ಮಾರ್ಚ್ 12, ಮಧ್ಯಾಹ್ನ 3

ಸಿಕ್ಕಿತು.

ಹಳೆ ಬಿಲ್ಲೆಯ ಅಂಚಿಗೆ ಸುತ್ತಲೂ ಕಪ್ಪು ಟೇಪು. ಬೇಡದ ಬೆಳಕು ಕಂಡಲ್ಲೆಲ್ಲ ಟೇಪು ಹಚ್ಚುವುದು ನಮ್ಮ ಲ್ಯಾಬಿನ ಅಭ್ಯಾಸ. ಹಚ್ಚಿದವರು ಅದರ ಮೇಲೆ ಬಿಳಿ ಶಾಯಿಯಲ್ಲಿ ತಾರೀಖು ಹಾಕಬೇಕು. ದೀಪ ಆರಿಸಿ, ಪ್ರಯೋಗದ ಕೆಂಪು ಲೇಸರ್ ಮಾತ್ರ ಉಳಿಸಿ ಟೇಪು ಸುಲಿದೆ. ಅಂಟು ಕೊಳೆತು ಬೆರಳಿಗೆ ಹತ್ತಿತು.

ಅಂಚಿನ ಸುತ್ತ ಕೆಂಪು ಉಂಗುರ. ಧಗಧಗ.

ಮರಳು ಪದರ ಬೆಳಕನ್ನು ನುಂಗುತ್ತಲೇ ಇರಲಿಲ್ಲ. ಪಕ್ಕಕ್ಕೆ ಚೆದುರಿಸಿ, ಗಾಜಿನೊಳಗೇ ಓಡಿಸಿ, ಅಂಚಿನಿಂದ ಉಗುಳುತ್ತಿತ್ತು. ನಾವು ಎದುರುಬದಿ, ಹಿಂಬದಿ ಮಾತ್ರ ನೋಡಿದೆವು. ಹೊಸದರ ಅಂಚು ಕತ್ತಲೆ — ಅದು ನುಂಗಿದ 71 ಅಪ್ಪಟ 71. ಅಂಕಲ್ ಹೇಳಿದ್ದೇ ಸರಿ.

ಯಾವ ದರಿದ್ರದವನು ಇದನ್ನು ಮುಚ್ಚಿದ್ದು ಎಂದು ಬೈಯುತ್ತಲೇ ಟೇಪನ್ನು ದೀಪಕ್ಕೆ ಹಿಡಿದೆ. ಎರಡು ವರ್ಷದ ಹಿಂದಿನ ಆಗಸ್ಟ್. "ತೆಗೆಯಬೇಡಿ." ನನ್ನ ಅಕ್ಷರ.

ಸಂಜೆ. ಆ ವರ್ಷದ ಡೈರಿ ಹುಡುಕಿದೆ. ಇದೆ: "ಬಿಲ್ಲೆಯ ಅಂಚಿನಿಂದ ಕೆಂಪು ಬೆಳಕು ಬಂದು ಕಣ್ಣಿಗೆ ಕಿರಿಕಿರಿ. ಟೇಪ್ ಹಚ್ಚಿದೆ. ಈಗ ನೀಟ್. ಸರ್ ಬ್ಯೂಟಿಫುಲ್ ಅಂದರು."

ನೋಡಿದ್ದೆ. ಕಣ್ಣಾರೆ ನೋಡಿದ್ದೆ.

ಮಾರ್ಚ್ 13

ಗೈಡಿಗೆ ತೋರಿಸಿದೆ. ಉಂಗುರವನ್ನು ತುಂಬ ಹೊತ್ತು ನೋಡಿದರು. ಮುಚ್ಚಳ ಕಚ್ಚಿದರು.

"ಪೇಪರ್‌ನಲ್ಲಿ ಏನ್ ಬರ್ದಿದೀವಿ? ಎರಡು ಕಡೆಯಿಂದ ಹೋಯ್ತು, ಎರಡು ಕಡೆಗೂ ವಾಪಸ್ ಬರ್ಲಿಲ್ಲ. ನಿಜ ತಾನೆ? ಅಂಚಿನ ವಿಷಯ ಯಾರೂ ಕೇಳಿಲ್ಲ."

"ಸರ್, ಹೊಸ ಬಿಲ್ಲೆ..."

"ಹೊಸದನ್ನ ಬೇರೆಯವರ ಹತ್ರ ಮಾಡ್ಸೋಣ. ಸ್ವಲ್ಪ ಮರಳು ಮರಳಾಗೇ ಇರ್ಲಿ ಅಂತ ಹೇಳಿ." ನಕ್ಕರು. ನಗುವಾಗ ಹಲ್ಲಿನ ಮೇಲೆ ಪೆನ್ನಿನ ನೀಲಿ. "ಥೀಸಿಸ್ ಜೂನ್‌ನಲ್ಲಿ ಅಲ್ವಾ? ಮತ್ತೆ ಟೇಪ್ ಹಚ್ಬಿಡಿ. ನೀಟಾಗಿರುತ್ತೆ."

ಸರಿ ಸರ್ ಅಂದೆ.

ಹಚ್ಚಿದೆ. ಅದೇ ಟೇಪು, ಅಂಟು ಹಿಡಿಯುವವರೆಗೆ ಬೆರಳಲ್ಲಿ ಒತ್ತಿ ಒತ್ತಿ. ಎರಡು ಸಲ ಕೈ ತೊಳೆದೆ, ಜಿಗುಟು ಹೋಗಲಿಲ್ಲ. ಅವರ ಹಲ್ಲು ನೋಡಿ ಬಂದ ಹೇಸಿಗೆ ಏನೇನೂ ಅಲ್ಲ ಇದರ ಮುಂದೆ.

ಮಾರ್ಚ್ 21, ಶುಕ್ರವಾರ, ಬೆಳಿಗ್ಗೆ 10.20

ಒಂದು ವಾರ ಬರೆಯಲಿಲ್ಲ. ಬರೆಯಲು ಮುಖ ಇರಲಿಲ್ಲ. ಮೊನ್ನೆ ಅಕ್ಕ, "ಏನೇ ನುಂಗ್ಕೊಂಡು ಓಡಾಡ್ತಿದೀಯ? ನಂಗಾದ್ರೆ ಕುಕ್ಕಕ್ಕೆ ಬಾಣಲೆ ಇದೆ, ನಿಂಗೇನಿದೆ?" ಅಂದಳು.

ಕಮಿಟಿ ಕೋಣೆಯ ಹೊರಗೆ ಬೆಂಚು. ಮೊಣಕಾಲ ಮೇಲೆ ಡೈರಿ. ಪಕ್ಕದಲ್ಲಿ ಅಂಕಲ್ — ಇಸ್ತ್ರಿ ಮಾಡಿದ ಶರ್ಟು, ಆದರೂ ಪಂಪಿನ ಎಣ್ಣೆಯ ವಾಸನೆ. ಯಾಕೋ ಇವತ್ತು ಮೂಗು ಮುಚ್ಚಿಕೊಳ್ಳಬೇಕು ಅನಿಸಲಿಲ್ಲ.

"ನನ್ನ ಕೈ ನಿಜವಾಗ್ಲೂ ಹೋಗಿದ್ಯಾಮ್ಮ? ನೀವು ಓದಿದವರು. ಹೇಳಿ, ಬೇಜಾರಿಲ್ಲ."

ಬೇರೆಯದೇ ಕೇಳಿದೆ. "ಅಂಕಲ್, ಹಳೇ ಬಿಲ್ಲೆ ಅಂಚು ನೀವು ಯಾವತ್ತೂ ನೋಡ್ಲಿಲ್ವಾ?"

"ಒಂದ್ಸಲ ಟೇಪ್ ಬಿಚ್ಚೋಣ ಅಂತ ಹೋದೆ. ತೆಗೆಯಬೇಡಿ ಅಂತ ನಿಮ್ಮ ಅಕ್ಷರ. ಗೈಡ್ ಅಕ್ಷರ ಆಗಿದ್ರೆ ಬಿಚ್ಚಿಬಿಡ್ತಿದ್ದೆ." ನಕ್ಕರು. "ನೀವು ಬರ್ದಿದೀರಲ್ಲ, ಏನೋ ಕಾರಣ ಇರುತ್ತೆ ಅಂತ ಬಿಟ್ಟೆ."

ಬಾತ್‌ರೂಮಿಗೆ ಹೋಗಿ ಬಂದೆ. ಬಾಯಿ ತೊಳೆದೆ. ಹಳೆ ಬಿಲ್ಲೆ ಬೆಳಿಗ್ಗೆಯಿಂದ ಬ್ಯಾಗಿನಲ್ಲೇ ಇದೆ, ಜೊತೆಗೆ ಕೆಂಪು ಲೇಸರ್ ಪಾಯಿಂಟರ್. ಯಾಕೆ ತಂದೆನೋ ಅಂತ ಬೆಳಿಗ್ಗೆಯಿಂದ ನನಗೆ ನಾನೇ ಕೇಳಿಕೊಳ್ಳುತ್ತಿದ್ದೆ. ಈಗ ಬೆಂಚಿನ ಮೇಲೆ ಕೂತೇ ಟೇಪು ಸುಲಿದೆ. ಈ ಪುಟಕ್ಕೇ ಅಂಟಿಸಿದ್ದೇನೆ, ಅಕ್ಷರ ಮೇಲೆ ಬರುವ ಹಾಗೆ. ಒಳಗೆ ದೀಪ ಆರಿಸಿ ಪಾಯಿಂಟರ್ ಬಿಟ್ಟರೆ ಸಾಕು, ಉಂಗುರ ಎಲ್ಲರಿಗೂ ಕಾಣುತ್ತದೆ. ಯಾರು ಮುಚ್ಚಿದ್ದು ಅಂತ ಕೇಳಿದರೆ ಪುಟ ತೋರಿಸುವುದು.

ಜೂನ್... ಇರಲಿ.

ಬಾಗಿಲು ತೆರೆಯಿತು. ಅಂಕಲ್‌ರನ್ನು ಕರೆಯುತ್ತಿದ್ದಾರೆ. ಎದ್ದು ಶರ್ಟಿನ ಕಾಲರ್ ಸರಿಮಾಡಿಕೊಂಡರು. ಕೂತ್ಕೊಳ್ಳಿ ಅಂಕಲ್, ಮೊದಲು ನಾ