ಯಜಮಾನ ಎಂದರೆ ಯಾರು, ಸ್ವಾಮಿ?

ಪಡಿತರ ಚೀಟಿಗಳಿಗೆ ರುಜು ಹಾಕುವ ಮಾನ್ಯ ಅಧಿಕಾರಿಗಳೇ,

ಹನಗೋಡಿನಿಂದಾಚೆ ಕಾಡುಜನರ ಹಾಡಿಯಲ್ಲಿ ಗಂಡನ ಜೊತೆ ಬಾಳುತ್ತಿರುವ ಚಿಕ್ಕಮಾದಿ ಎಂಬ ಹೆಂಗಸನ್ನು ತಮ್ಮ ಕಚೇರಿ ವಿಧವೆ ಮಾಡಿದೆ. ಅದೂ ಬೇರೊಬ್ಬನ ವಿಧವೆ. ಅವಳ ಗಂಡ ಚೆನ್ನನನ್ನು ಅವಳ ಮಗನನ್ನಾಗಿ ಮಾಡಿದೆ. ಇದನ್ನು ತಿದ್ದಿಕೊಡಿ ಎಂದು ತಮ್ಮ ಮೆಟ್ಟಿಲು ಹತ್ತಿದೆವು, ಅರ್ಜಿ ಕೊಟ್ಟೆವು, ಕೈ ಮುಗಿದೆವು. ಏನೂ ಆಗಲಿಲ್ಲ. ಆದ್ದರಿಂದ ಪತ್ರಿಕೆಯವರ ದಯೆಯಿಂದ ನಾಲ್ಕು ಜನರ ಎದುರಿಗೆ ಬರೆಯುತ್ತಿದ್ದೇನೆ. ಕೋಪದಿಂದ ಬರೆಯುತ್ತಿದ್ದೇನೆಂದು ತಿಳಿಯಬೇಡಿ. ಕೋಪ ಬರಬೇಕಾದ ಜಾಗ ನನ್ನಲ್ಲಿ ಮರಗಟ್ಟಿ ಹೋಗಿದೆ.

ನಾನು ಹನಗೋಡಿನ ಸೊಸೈಟಿ ಅಂಗಡಿಯ ಪಕ್ಕದ ಜಗಲಿಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿರುವವಳು. ತವರು ಮಿರ್ಲೆ. ಲೋಯರ್ ಸೆಕೆಂಡರಿ ಪರೀಕ್ಷೆವರೆಗೆ ಓದಿದ್ದೇನೆ, ಆದ್ದರಿಂದ ಅಕ್ಷರ ಬಾರದವರು ನನ್ನ ಹತ್ತಿರ ಅರ್ಜಿ ಬರೆಸುತ್ತಾರೆ. ಚಿಕ್ಕಮಾದಿ ಸಂತೆಯ ದಿನ ಸೌದೆ ಹೊರೆಯನ್ನು ನನ್ನ ಜಗಲಿಗೆ ಒರಗಿಸಿ, ನೀರು ಕುಡಿದು, ಮಗಳು ಜವರಿಗೆ ಚಿಂದಿ ಬಟ್ಟೆ ಏನಾದರೂ ಇದೆಯಾ ಎಂದು ಕೇಳಿ ಹೋಗುವವಳು. ನಮ್ಮ ಸ್ನೇಹ ಅಷ್ಟರದು.

ಮಳೆ ಕೈಕೊಟ್ಟು, ಅಮೆರಿಕದ ಗೋಧಿಯೂ ಕೆಂಪು ಜೋಳವೂ ಸೊಸೈಟಿಗೆ ಬರತೊಡಗಿದಾಗ, ಹಾಡಿಯವರಿಗೂ ಕಾರ್ಡು ಕೊಡಬೇಕೆಂದು ಸರ್ಕಾರಕ್ಕೆ ಒಳ್ಳೆಯ ಬುದ್ಧಿ ಬಂತು. ತಮ್ಮ ಗುಮಾಸ್ತರೊಬ್ಬರು ಸೈಕಲ್ಲಿನಲ್ಲಿ ಹಾಡಿಗೆ ದಯಮಾಡಿಸಿದರು. ಗುಡಿಸಲೊಳಗೆ ಬಗ್ಗಿ ಹೋಗುವುದು ಕಷ್ಟವೆಂದು ಹೊಂಗೆ ಮರದ ಕೆಳಗೆ ಕೂತು ಒಬ್ಬೊಬ್ಬರನ್ನೇ ಕರೆದರು. ದಾರಿಗೆ ಹತ್ತಿರದ ಗುಡಿಸಲು ಚಿಕ್ಕಮಾದಿಯದು, ಮೊದಲು ಬಂದವಳು ಅವಳೇ. "ನಿನ್ನ ಯಜಮಾನ ಯಾರಮ್ಮ?" ಎಂದು ಕೇಳಿದರು. "ಜೋಗಯ್ಯ ಕಣ್ಬುದ್ದಿ" ಎಂದಳು.

ಮಾನ್ಯರೇ, ನಮ್ಮ ಮಿರ್ಲೆ ಕಡೆ ಹೆಂಗಸಿಗೆ ಯಜಮಾನ ಎಂದರೆ ಗಂಡ. ತಮ್ಮ ಮನೆಯಲ್ಲೂ ಹಾಗೇ ಇರಬೇಕು. ಆದರೆ ಹಾಡಿಗೆ ಇರುವುದು ಒಬ್ಬನೇ ಯಜಮಾನ. ನ್ಯಾಯ ಹೇಳುವವನು, ಮದುವೆ ಮಾಡಿಸುವವನು, ಸತ್ತರೆ ಮುಂದೆ ನಿಲ್ಲುವವನು, ಜೇನು ಕಿತ್ತು ತಂದರೆ ಎಲ್ಲರಿಗೂ ಪಾಲು ಹಾಕುವವನು. ಅದು ಮುದುಕ ಜೋಗಯ್ಯ. ಕೇಳಿದ ಪ್ರಶ್ನೆಗೆ ಅವಳು ಸತ್ಯವನ್ನೇ ಹೇಳಿದಳು. ಗುಮಾಸ್ತರು 'ಜೋಗಯ್ಯನ ಹೆಂಡತಿ' ಎಂದು ಬರೆದುಕೊಂಡರು. ಆಮೇಲೆ ಬಂದ ಚೆನ್ನನೂ ಯಜಮಾನ ಜೋಗಯ್ಯನೇ ಎಂದ. ಗಂಡಸಾದ್ದರಿಂದ ಅವನು ಮಗನಾದ. ಉಳಿದ ಹೆಂಗಸರೆಲ್ಲ ಅದೇ ಹೆಸರು ಹೇಳಿದಾಗ, ಒಬ್ಬ ಮುದುಕನಿಗೆ ಇಷ್ಟೊಂದು ಹೆಂಡಿರೆಂದು ಬರೆಯಲು ಗುಮಾಸ್ತರಿಗೂ ನಾಚಿಕೆಯಾಯಿತೇನೋ, ಅವರನ್ನೆಲ್ಲ ಹೆಣ್ಣುಮಕ್ಕಳು, ಸೊಸೆಯರು ಎಂದು ಹಂಚಿದರು. ಜೋಗಯ್ಯನಿಗಿಂತ ಹಿರಿಯಳಾದ ಕೆಂಚಿ ಅವನ ಮಗಳಾದಳು. ಇಡೀ ಹಾಡಿ ಒಂದು ಸಂಸಾರ, ಅದಕ್ಕೆ ಒಂದು ಕಾರ್ಡು. ಒಂದು ಕಾರ್ಡಿಗೆ ಇಷ್ಟೇ ಎಂಬ ಮಿತಿ ಸರ್ಕಾರದ್ದು.

ಹಾಡಿಯವರಿಗೆ ಇದು ತಪ್ಪೆಂದು ತಿಳಿಯಲೇ ಇಲ್ಲ. ಯಜಮಾನನ ಕೈಗೆ ಬಂದದ್ದನ್ನು ಪಾಲು ಹಾಕಿಕೊಳ್ಳುವುದು ಅವರ ಪದ್ಧತಿ. ಜೋಗಯ್ಯ ಧಾನ್ಯ ಹೊತ್ತು ತಂದು ಪ್ರತಿ ಗುಡಿಸಲಿಗೂ ಬೊಗಸೆ ಬೊಗಸೆ ಹಾಕುತ್ತಿದ್ದ. ಸರ್ಕಾರ ಕೊಡುವುದೇ ಇಷ್ಟು ಎಂದುಕೊಂಡರು, ಉಳಿದದ್ದಕ್ಕೆ ಗೆಣಸು ಅಗೆಯಲು ಕಾಡಿಗೆ ಹೋದರು. ಅಲ್ಲಿ ಗಾರ್ಡುಗಳು ಗುದ್ದಲಿ ಕಿತ್ತುಕೊಂಡರು. ಅದು ಬೇರೆ ಇಲಾಖೆಯ ಮಾತು, ಬಿಡಿ.

ಈ ಮಳೆಗಾಲ ಜೋಗಯ್ಯ ಜ್ವರ ಬಂದು ತೀರಿಕೊಂಡ. ಸೊಸೈಟಿಯವರು ಕಾರ್ಡಿನ ಮೇಲೆ ಗೀಟೆಳೆದು ಧಾನ್ಯ ನಿಲ್ಲಿಸಿದರು. ಕಾರ್ಡನ್ನು ತನ್ನ ಹೆಸರಿಗೆ ಮಾಡಿಕೊಡಿ ಎಂದು ಚೆನ್ನ ನನ್ನ ಹತ್ತಿರ ಅರ್ಜಿ ಬರೆಸಿದ. ಅವನನ್ನೂ ಚಿಕ್ಕಮಾದಿಯನ್ನೂ ಕರೆದುಕೊಂಡು ಬಸ್ಸು ಹತ್ತಿ ತಮ್ಮ ಕಚೇರಿಗೆ ಬಂದೆ. ತಾವು ಕ್ಯಾಂಪಿನಲ್ಲಿದ್ದಿರಂತೆ. ಗುಮಾಸ್ತರು ಪುಸ್ತಕ ತೆಗೆದು ಚೆನ್ನನಿಗೆ ಹೇಳಿದರು: "ತಾಯಿ ಬದುಕಿರೋವಾಗ ಮಗನ ಹೆಸರಿಗೆ ಕಾರ್ಡು ಮಾಡಕ್ಕಾಗಲ್ಲಪ್ಪ. ನಿನ್ ತಾಯೀನ ಕರ್ಕೊಂಡ್ ಬಾ."

"ನನ್ನವ್ವ ಸತ್ತು ಸ್ಯಾನೆ ದಿನಾಯ್ತು ಬುದ್ದಿ" ಎಂದ ಚೆನ್ನ.

"ಚಿಕ್ಕಮಾದಿ ಅಂತ ಬರ್ದದೆ ನೋಡು."

ಚೆನ್ನ ಪಕ್ಕದಲ್ಲಿದ್ದ ಹೆಂಡತಿಯ ಮುಖ ನೋಡಿದ. ನಗು ಬರಬೇಕಾದ ಹೊತ್ತು ಅದು. ಯಾರಿಗೂ ಬರಲಿಲ್ಲ. ಯಜಮಾನ ಎಂಬ ಮಾತಿನ ಅರ್ಥವನ್ನು ನಾನು ಬಿಡಿಸಿ ಹೇಳಿದೆ. ಗುಮಾಸ್ತರು ಕೆಟ್ಟವರಲ್ಲ, ಪೂರ್ತಿ ಕೇಳಿಸಿಕೊಂಡರು. "ನೀವು ಹೇಳೋದು ಸರಿ ಇರಬಹುದು ತಾಯಿ, ತಿದ್ದೋ ಅಧಿಕಾರ ನನಗಿಲ್ಲ. ಮುಂದಿನ ಸರ್ವೆಯಲ್ಲಿ ನೋಡೋಣ. ಈಯಮ್ಮ ಜೋಗಯ್ಯನ ಹೆಂಡ್ತಿ ಅಂತ ಹೆಬ್ಬೆಟ್ಟು ಒತ್ತಿದರೆ ಇವತ್ತೇ ಕಾರ್ಡು ಕೊಡ್ತೀನಿ" ಎಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಈ ಪೂಜಾರಿ ಕೊಡಲು ಸಿದ್ಧರಿದ್ದರು, ಸುಳ್ಳು ಹೇಳಿ ಈಸಿಕೊಳ್ಳಬೇಕಿತ್ತು, ಅಷ್ಟೇ.

ಚಿಕ್ಕಮಾದಿ ಒತ್ತಲಿಲ್ಲ. ತಾವು ಅದನ್ನು ಹಟ ಎನ್ನಬಹುದು. ಜೋಗಯ್ಯ ಅವಳ ತವರು ಕುಲದವನು, ಅವಳಿಗೆ ಅಪ್ಪನ ವರಸೆ. ಹೆತ್ತ ಅಪ್ಪ ಇಲ್ಲದ್ದರಿಂದ ಮದುವೆಯಲ್ಲಿ ಆ ಜಾಗದಲ್ಲಿ ನಿಂತು ಅವಳನ್ನು ಚೆನ್ನನಿಗೆ ಒಪ್ಪಿಸಿದವನು. ಆ ಜನರಲ್ಲಿ ಒಂದೇ ಕುಲದವರು ಕೂಡಿದರೆ ಹಾಡಿಯಿಂದ ಹೊರಗೆ. ಹೊಟ್ಟೆಗಿಲ್ಲದವರಿಗೂ ಇಂಥ ಕಟ್ಟುಪಾಡುಗಳು ಇರುತ್ತವೆ ಸ್ವಾಮಿ, ತಮ್ಮ ನಮೂನೆಯಲ್ಲಿ ಅದಕ್ಕೆ ಅಂಕಣವಿಲ್ಲ.

ನಾನು ಮತ್ತೆರಡು ಅರ್ಜಿ ಬರೆದು ಹಾಕಿದೆ. ಉತ್ತರವಿಲ್ಲ. ಅಷ್ಟರಲ್ಲಿ ಹಾಡಿಯ ಕೆಲವರು ಕೊಡಗಿನ ಕಾಫಿ ತೋಟಗಳಿಗೆ ಹೊರಟುಹೋದರು. ಜವರಿಗೆ ಮೈ ಬಿಸಿಯಿದ್ದುದರಿಂದ ಇವರಿಗೆ ಹೋಗಲಾಗಲಿಲ್ಲ. ಒಂದು ಸಂತೆಯ ದಿನ ಚಿಕ್ಕಮಾದಿ ಸೌದೆಯಿಲ್ಲದೆ ಬರಿಗೈಯಲ್ಲಿ ಬಂದಳು.

"ಕೂಸು ಅಳೋದ ಬುಟ್ಬುಟ್ಟದೆ ಕಣವ್ವಾ. ಇಟ್ಟು ಕೇಳಾಕಿಲ್ಲ, ಏನೂ ಕೇಳಾಕಿಲ್ಲ. ಸುಮ್ಕೆ ಮನಗಿರ್ತದೆ. ನಡಿ, ಒತ್ಬುಡ್ತೀನಿ."

ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಒತ್ತು ಎನ್ನಲೂ ಬರಲಿಲ್ಲ. ಜೊತೆಗೆ ಹೋದೆ. ಚೆನ್ನ ಕಚೇರಿಯ ಒಳಗೆ ಬರಲಿಲ್ಲ, ಕಾಂಪೌಂಡಿನ ಗೋಡೆಗೆ ಮುಖ ಮಾಡಿ ನಿಂತಿದ್ದ. ಅವಳು ಒತ್ತಿದಳು. ಗುಮಾಸ್ತರು ಹೇಳಿದಂತೆಯೇ ಅಂದೇ ಕಾರ್ಡು ಕೊಟ್ಟರು. ಇಷ್ಟು ಚುರುಕಾಗಿ ಕೆಲಸ ಮಾಡುವ ಕಚೇರಿಯನ್ನು ಜನ ಸುಮ್ಮನೆ ದೂರುತ್ತಾರೆ. ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಅಳು ಬರಬೇಕಿತ್ತು, ಕಿಟಕಿಯಾಚೆಯ ಹೊಗೆಸೊಪ್ಪಿನ ಹೊಲ ನೋಡುತ್ತ ಕೂತಿದ್ದೆ.

ಆಗಿನಿಂದ ಧಾನ್ಯ ಬರುತ್ತಿದೆ. ಚಿಕ್ಕಮಾದಿ ಯಜಮಾನನ ಪದ್ಧತಿಯಂತೆ ಉಳಿದಿರುವ ಗುಡಿಸಲುಗಳಿಗೆಲ್ಲ ಪಾಲು ಹಾಕುತ್ತಾಳೆ. ಜವರಿ ಎದ್ದು ಓಡಾಡುತ್ತಿದ್ದಾಳೆ. ಚಿಕ್ಕಮಾದಿ ಚೆನ್ನನಿಗೂ ಬಡಿಸುತ್ತಾಳೆ. ತಾನು ಮಾತ್ರ ಆ ಧಾನ್ಯ ಮುಟ್ಟುವುದಿಲ್ಲ. ಕಾಡಿನಿಂದ ಕದ್ದು ತಂದ ಸೊಪ್ಪು, ಗೆಣಸು ಸಿಕ್ಕಿದರೆ ತಿನ್ನುತ್ತಾಳೆ, ಸಿಕ್ಕದಿದ್ದರೆ ಇಲ್ಲ. ಕುಪ್ಪಸ ಸಡಿಲವಾಗಿದೆಯೆಂದು ಎರಡು ಸಲ ಹಿಡಿದು ಹೊಲಿದು ಕೊಟ್ಟೆ. ಉಣ್ಣು ಎಂದು ಗದರಿದೆ.

"ಅಪ್ಪನ್ನ ಗಂಡ ಅಂತ ಯೋಳಿ ತಂದಿದ್ದು ಕಣವ್ವಾ. ಮಕ್ಳಿಗೇನು, ಇಳೀತದೆ. ನನ್ ಗಂಟ್ಲಲ್ಲಿ ಇಳಿಯಾಕಿಲ್ಲ" ಎಂದಳು.

ಆದ್ದರಿಂದ ಕೇಳಿಕೊಳ್ಳುವುದೇನೆಂದರೆ, ಹಾಡಿಗೆ ಯಾರನ್ನಾದರೂ ಅಡಿಗೆಯ ಹೊತ್ತಿಗೆ ಕಳಿಸಿ. ಯಜಮಾನ ಯಾರೆಂದು ಕೇಳಬೇಡಿ, ನಿನ್ನ ಒಲೆಯಲ್ಲಿ ಬೆಂದದ್ದನ್ನು ಯಾರ್ಯಾರು ಉಣ್ಣುತ್ತಾರೆ ಎಂದು ಕೇಳಿ, ಒಲೆಗೊಂದು ಕಾರ್ಡು ಕೊಡಿ. ಅದಕ್ಕೆಲ್ಲ ಮುಂದಿನ ಸರ್ವೆಯೇ ಬರಬೇಕೆಂದಾದರೆ ಬರಲಿ, ಕಾಯುವುದು ನಮಗೆ ಅಭ್ಯಾಸವಾಗಿದೆ. ಆದರೆ ಒಂದು ಗೆರೆಯನ್ನು ಈ ವಾರವೇ ತಿದ್ದಿ. ಚಿಕ್ಕಮಾದಿ, ಗಂಡನ ಹೆಸರು ಚೆನ್ನ, ಬದುಕಿದ್ದಾನೆ. ಅಷ್ಟು ಬರೆದು ರುಜು ಹಾಕಿ ಕಳಿಸಿದರೆ ನಾನು ಹಾಡಿಗೆ ಹೋಗಿ ಓದಿ ಹೇಳುತ್ತೇನೆ. ಅವಳು ಅಂದು ಊಟ ಮಾಡುತ್ತಾಳೆ.

ಇಂತಿ,
ತಮ್ಮ ಪುಸ್ತಕದಲ್ಲಿ ಸದ್ಯಕ್ಕೆ ತನ್ನ ಗಂಡನಿಗೇ ಹೆಂಡತಿಯಾಗಿ ಉಳಿದಿರುವ,
ಸುಂದ್ರಮ್ಮ
ಹನಗೋಡು, ಡಿಸೆಂಬರ್ ೧೯೬೭