ಬಚ್ಚಲಿಗೆ ಹೊಸ್ತಿಲಿಲ್ಲ

ಭಾನುವಾರ, ಬೆಳಿಗ್ಗೆ

ಅಪ್ಪನಿಗೆ ಮಗಳ ನಮಸ್ಕಾರ,

ನಾನು ಕ್ಷೇಮ. ನಿಮ್ಮ ಅಳಿಯ ಮಾತ್ರ ಅರ್ಧ ಬೆಂದು, ಅರ್ಧ ನಡುಗುತ್ತಿದ್ದಾರೆ. ಅಳಿಯ ಎಂದ ಕೂಡಲೇ ಕಾಗದ ಮಡಚಿಡಬೇಡಿ. ಇದು ಸಂಸಾರದ ಮಾತಲ್ಲ, ಶವರಿನ ಮಾತು.

ಹದಿನೈದು ದಿನದಿಂದ ನಮ್ಮ ಶವರಿಗೆ ಬುದ್ಧಿ ನೆಟ್ಟಗಿಲ್ಲ. ಹದವಾಗಿ ಸುರಿಯುತ್ತಿದ್ದ ನೀರು ಸೋಪು ಹಚ್ಚಿಕೊಳ್ಳುವಷ್ಟರಲ್ಲಿ ಕುದಿಯುತ್ತದೆ. ಹಿಡಿ ಸ್ವಲ್ಪ ತಿರುಗಿಸಿದರೆ ಮಂಜುಗಡ್ಡೆ. ಇವರು ಒಳಗೆ ಹೋದರೆ "ಅಯ್ಯೋ ಸುಟ್ಟೆ!", "ಅಯ್ಯಯ್ಯೋ ಸತ್ತೆ!" ಎಂದು ಸರದಿಯ ಮೇಲೆ ಕೂಗು. ಪಕ್ಕದ ಮನೆಯ ಟೀಚರಮ್ಮ ಗಡಿಯಾರ ನೋಡುವುದನ್ನೇ ಬಿಟ್ಟು, ಈ ಕೂಗು ಕೇಳಿ ಶಾಲೆಗೆ ಹೊರಡುತ್ತಿದ್ದಾರೆ.

ನೀವು ಕಲಿಸಿದ ಕ್ರಮದಲ್ಲೇ ನೋಡಿದೆ. ಗೀಸರ್ ಸರಿಯಾಗಿದೆ. ಶವರಿನ ತೂತುಗಳಲ್ಲಿ ಕಟ್ಟಿದ್ದ ಬಿಳಿ ಉಪ್ಪನ್ನು ಕೆರೆದೆ. ಅಡುಗೆಮನೆಯ ನಲ್ಲಿ ಮುಚ್ಚಿ ನೋಡಿದೆ, ತೆರೆದು ನೋಡಿದೆ. ಅಷ್ಟರಲ್ಲಿ ಇವರು ಪಾಪ, ನನಗೆ ನೆರವಾಗಲು ಹೋಗಿ ಶವರಿನ ಕೊಳವೆ ಬಿಚ್ಚಿ ಮತ್ತೆ ಕೂರಿಸಿದರು. ಅಪ್ಪ, ಕೂತುಕೊಂಡು ಓದಿ: ಕೊಳವೆಯ ತಿರುಪಿಗೆ, ನೀರು ಸೋರದಿರಲೆಂದು ಸುತ್ತುವ ಬಿಳಿ ಟೇಪನ್ನು ಉಲ್ಟಾ ಸುತ್ತಿದರು. ಉಲ್ಟಾ! ಬಿಚ್ಚಿಕೊಳ್ಳದಿರಲೆಂದು ತುದಿಗೆ ಎರಡು ಹೊಲಿಗೆಯನ್ನೂ ಹಾಕಿದರು. ದರ್ಜಿಯ ಕೈ, ಸುಮ್ಮನಿರುತ್ತದೆಯೇ? ಈಗ ಅಲ್ಲಿಂದಲೂ ತೊಟ್ಟಿಕ್ಕುತ್ತಿದೆ.

ನಿಮಗೆ ಸಿಟ್ಟು ನೆತ್ತಿಗೇರಿತೆಂದು ಗೊತ್ತು. ಮೂರು ವರ್ಷದ ಹಿಂದೆ ನಾನು ಇವರನ್ನೇ ಮದುವೆಯಾಗುತ್ತೇನೆ ಎಂದಾಗಲೂ ಹೀಗೇ ಏರಿತ್ತು. "ಸ್ಪ್ಯಾನರ್ ಹಿಡಿಯೋಕೆ ಬರದವನ ಮನೆ ಹೊಸ್ತಿಲು ತುಳಿಯಲ್ಲ" ಎಂದು ಆಣೆಯಿಟ್ಟಿರಿ. ನಾನೂ ನಿಮ್ಮ ಮಗಳೇ, "ತುಳೀಬೇಡಿ ಬಿಡಿ" ಎಂದೆ. ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಊರಿನ ಸೋರುವ ನಲ್ಲಿಗಳನ್ನೆಲ್ಲ ನಿಲ್ಲಿಸಿದವರು ಮಗಳ ಮನೆಯಲ್ಲಿ ಒಂದು ಲೋಟ ನೀರು ಕುಡಿದಿಲ್ಲ.

ಈಗ ಅಸಲು ಸಮಾಚಾರ. ನಮ್ಮ ಬಚ್ಚಲಿಗೆ ಹಿತ್ತಲಿನಿಂದ ನೇರ ಬಾಗಿಲಿದೆ. ಅದಕ್ಕೆ ಹೊಸ್ತಿಲಿಲ್ಲ, ಬಗ್ಗಿ ನೋಡಿ ಖಾತ್ರಿ ಮಾಡಿಕೊಂಡಿದ್ದೇನೆ. ನಿಮ್ಮ ಆಣೆಯ ಕೂದಲೂ ಕೊಂಕದು. ಇವರೂ "ಮಾವ ಬಂದು ಬೈದ್ರೂ ಪರವಾಗಿಲ್ಲ, ಬಂದ್ರೆ ಸಾಕು" ಎನ್ನುತ್ತಾರೆ. ನಿಮಗೊಂದು ಅಂಗಿ ಹೊಲಿದಿಟ್ಟಿದ್ದಾರೆ. ಅಳತೆ ನಾನು ಕೈ ಚಾಚಿ ತೋರಿಸಿದ್ದು, ಹೆಚ್ಚುಕಡಿಮೆಯಾದರೆ ಬೈಗುಳ ನನಗಿರಲಿ. ಸ್ಪ್ಯಾನರ್ ಹಿಡಿಸುವಷ್ಟು ದೊಡ್ಡ ಜೇಬಿದೆ.

ಬನ್ನಿ ಅಪ್ಪ. ನಿಮ್ಮನ್ನು ನೋಡಬೇಕು ಅನ್ನಿಸುತ್ತಿದೆ.

"ಇಷ್ಟೇ ಇಷ್ಟಿದ್ರೂ ಇವಳಿಲ್ದಿದ್ರೆ ಮನೆಯೆಲ್ಲ ಸೋರುತ್ತೆ" ಎಂದು ನೀವೇ ಹೆಸರಿಟ್ಟ,
ನಿಮ್ಮ ವಾಷರ್

ತಾ.ಕ.: ಹೊಸ ಸಾಮಾನು ಏನೂ ತರಬೇಡಿ. ಬಿಸಿನೀರು, ತಣ್ಣೀರು ಒಂದರ ಪೈಪಿಗೊಂದು ನುಗ್ಗದಂತೆ ತಡೆಯುತ್ತದಲ್ಲ, ಆ ಪುಟ್ಟ ವಾಲ್ವ್ ಹದಿನೈದು ದಿನದಿಂದ ಇವರ ಹಳೇ ಗುಂಡಿ ಡಬ್ಬಿಯ ತಳದಲ್ಲಿದೆ. ನಾನೇ ಬಿಚ್ಚಿಟ್ಟಿದ್ದು. ಇವರಿಗೆ ಹೇಳಬೇಡಿ.

ಮಾವನವರಿಗೆ ನಮಸ್ಕಾರ. ಅಂಚೆಗೆ ಹಾಕಲು ಕೊಟ್ಟವಳು ಲಕೋಟೆ ಅಂಟಿಸಲು ಮರೆತಿದ್ದಾಳೆ, ಓದಿಬಿಟ್ಟೆ. ವಾಲ್ವು ನಿಮ್ಮ ಅಂಗಿಗೆ ಗುಂಡಿ ಹುಡುಕುವಾಗ ಎರಡನೇ ದಿನವೇ ನನಗೆ ಸಿಕ್ಕಿತ್ತು. ನೀರು ಸರಿಹೋದರೆ ನಿಮ್ಮನ್ನು ಕರೆಯಲು ಅವಳಿಗೆ ಬೇರೆ ನೆಪವೆಲ್ಲಿ ಎಂದು ಅಲ್ಲೇ ಬಿಟ್ಟು, ದಿನಾ ಕೂಗುತ್ತಿದ್ದೇನೆ. ಟೇಪು ಉಲ್ಟಾ ಸುತ್ತಿದ್ದು ಮಾತ್ರ ನಿಜಕ್ಕೂ ಗೊತ್ತಿಲ್ಲದೆ. ಬಂದು ಹೇಳಿಕೊಡಿ.